ಮಧ್ಯಾಹ್ನ ಬಂದವರ ಹೆಸರು

ನನ್ನದು ಅನುಮಾನದ ಬುದ್ಧಿ. ಇದನ್ನು ನನ್ನ ಗಂಡ ಬೈಗುಳವಾಗಿ ಹೇಳುತ್ತಾನೆ, ಗಿರಾಕಿಗಳು ಮೆಚ್ಚಿಕೊಂಡು ಹೇಳುತ್ತಾರೆ. ಕಡೂರಿನ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. "ನಾನೇನೂ ಮಾಡಿಲ್ಲ ಕಣಮ್ಮ, ಅದೇ ತಾನಾಗಿ ಹಿಂಗಾಯ್ತು" ಎನ್ನುತ್ತಾ ಬರುವವರನ್ನು ಇಷ್ಟು ವರ್ಷದಲ್ಲಿ ನಾನು ಒಮ್ಮೆಯೂ ನಂಬಿಲ್ಲ. ತಾನಾಗಿ ಯಾವುದೂ ಆಗುವುದಿಲ್ಲ. ಯಾರೋ ಏನೋ ಮಾಡಿರುತ್ತಾರೆ. ಮಾಡಿ ಮರೆತಿರುತ್ತಾರೆ, ಇಲ್ಲವೇ ಮರೆತ ಹಾಗೆ ಮುಖ ಮಾಡಿಕೊಂಡು ನನ್ನ ಮುಂದೆ ನಿಂತಿರುತ್ತಾರೆ.

ನನ್ನ ಕೈಗೆ ಹೆಚ್ಚಾಗಿ ಬರುವುದು ಸಣ್ಣ ಕ್ಲಿನಿಕ್ಕು, ಟ್ಯೂಷನ್ ಮನೆ, ಮೆಡಿಕಲ್ ಶಾಪುಗಳ ಪ್ರೋಗ್ರಾಮುಗಳು. ದೊಡ್ಡ ಆಫೀಸುಗಳಲ್ಲಿರುವಂಥ ಸರ್ವರ್ ಇವಕ್ಕೆ ಇರುವುದಿಲ್ಲ. ಪ್ರೋಗ್ರಾಮಿನ ಹೊಟ್ಟೆಯೊಳಗೇ ಒಂದು ಪುಟ್ಟ ಡೇಟಾಬೇಸ್ ಇರುತ್ತದೆ, ಬರೆದದ್ದೆಲ್ಲ ಒಂದೇ ಒಂದು ಫೈಲಿನಲ್ಲಿ ಕೂತಿರುತ್ತದೆ. ಸಾಧು ಪ್ರಾಣಿ. ಅದರ ರೋಗಗಳೂ ನಾಲ್ಕೈದೇ. ಒಂದೇ ಪ್ರೋಗ್ರಾಮನ್ನು ಎರಡೆರಡು ಸಲ ತೆರೆದಿಟ್ಟರೆ 'ಲಾಕ್ ಆಗಿದೆ' ಎಂದು ಹಟ ಹಿಡಿಯುತ್ತದೆ. ಫೋಲ್ಡರಿನಲ್ಲಿ ಬರೆಯಲು ಅನುಮತಿ ಇಲ್ಲದಿದ್ದರೆ ಹಳೆಯದನ್ನು ತೋರಿಸುತ್ತದೆ, ಹೊಸದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಡಿಸ್ಕ್ ತುಂಬಿದ್ದರೆ ಮುಷ್ಕರ ಹೂಡುತ್ತದೆ. ಒಂದೇ ಫೈಲನ್ನು ನೆಟ್‌ವರ್ಕಿನಲ್ಲಿ ನಾಲ್ಕು ಜನ ಎಳೆದಾಡಿದರೆ ಕೆಟ್ಟು ಕೂರುತ್ತದೆ. ಇವನ್ನೆಲ್ಲ ನಾನು ಫೋನಿನಲ್ಲೇ ಹೇಳಿ ಸರಿ ಮಾಡಿಸುತ್ತೇನೆ. ಆದರೆ ಬರೆದದ್ದು ಮಾಯವಾಗುವುದು ಮಾತ್ರ ರೋಗವಲ್ಲ, ಕಳ್ಳತನ ಎಂದು ನಾನು ನಂಬಿದ್ದೆ. ಕಂಪ್ಯೂಟರು ಕೆಡುತ್ತದೆ, ಕದಿಯುವುದಿಲ್ಲ.

ತರೀಕೆರೆಯ ಟೀಚರಮ್ಮನ ವಧೂವರರ ಕೇಂದ್ರಕ್ಕೆ ಪ್ರೋಗ್ರಾಮ್ ಹಾಕಿಕೊಟ್ಟವಳು ನಾನೇ. ಟೀಚರಮ್ಮ ಪ್ರೈಮರಿ ಸ್ಕೂಲಿನಿಂದ ರಿಟೈರ್ ಆದವರು. ಹಣೆ ತುಂಬ ವಿಭೂತಿ, ಮಾತಾಡುವಾಗ ಈಗಲೂ ಸೀಮೆಸುಣ್ಣ ಹಿಡಿದವರ ಹಾಗೆ ಬೆರಳು ಜೋಡಿಸುತ್ತಾರೆ. ಮನೆಯ ಮುಂದಿನ ಪಡಸಾಲೆಯೇ ಕೇಂದ್ರ. ಗಂಡಿನದೋ ಹೆಣ್ಣಿನದೋ ವಿವರ ಕೊಟ್ಟು, ಫೋಟೋ ತೆಗೆಸಿಕೊಂಡು ಹೋದರೆ, ಹೊಂದುವ ಕಡೆ ಇವರೇ ತೋರಿಸುತ್ತಾರೆ. ಮಠಕ್ಕೆ ನಡೆದುಕೊಳ್ಳುವ ಮನೆಗಳವರೇ ಹೆಚ್ಚು ಬರುವುದು. ಕಳೆದ ಬೇಸಿಗೆಯವರೆಗೆ ಎಲ್ಲ ಹಾಳೆಯಲ್ಲಿತ್ತು. ಹಾಳೆಗೆ ಗೆದ್ದಲು ಹಿಡಿದ ಮೇಲೆ ನನ್ನನ್ನು ಕರೆಸಿ ಕಂಪ್ಯೂಟರು ಹಾಕಿಸಿದರು. ಟೈಪ್ ಮಾಡಲು ಅಜ್ಜಂಪುರದಿಂದ ದಿನಾ ಬಸ್ಸಿನಲ್ಲಿ ಬರುವ ಒಬ್ಬ ಹೆಂಗಸನ್ನು ಇಟ್ಟುಕೊಂಡರು. ನನಗಿಂತ ಸ್ವಲ್ಪ ದೊಡ್ಡವರು, ಎರಡು ಮಕ್ಕಳ ತಾಯಿ, ಕಡಿಮೆ ಮಾತು. ಅವರ ಫೋನಿನ ಮೇಲೆ ಬುದ್ಧನ ಚಿತ್ರ. ಹೆಸರು ಬೇಡ, ಅಜ್ಜಂಪುರದವರು ಎಂದೇ ಕರೆಯುತ್ತೇನೆ.

ಇನ್ನು ನನ್ನ ಅಕ್ಕ. ಅವಳು ಸಿಂಗಟಗೆರೆಯಲ್ಲಿ ಅಮ್ಮನ ಜೊತೆ ಇದ್ದಾಳೆ, ಬ್ಲೌಸ್ ಹೊಲಿಯುತ್ತಾಳೆ. ಭಾವ ತೀರಿಹೋದಾಗ ಅವಳಿಗೆ ಇನ್ನೂ ಚಿಕ್ಕ ವಯಸ್ಸು, ಮಕ್ಕಳಿಲ್ಲ. ಇನ್ನೊಂದು ಮದುವೆಯ ಮಾತನ್ನು ನಾನು ಎತ್ತಿದಾಗಲೆಲ್ಲ ಹೊಲಿಗೆ ಮೆಷಿನ್ನನ್ನು ಜೋರಾಗಿ ತುಳಿದು ನನ್ನ ಬಾಯಿ ಮುಚ್ಚಿಸುತ್ತಿದ್ದಳು. ಒಂದು ದಿನ ಮಾತ್ರ, ಯಾರೂ ಕೇಳದೆ, ತೋಳಿನ ಅಂಚು ಮಡಚುತ್ತಾ, "ಯಾರಾದ್ರೂ ಒಳ್ಳೇವ್ರು ಅಂತ ಸಿಕ್ರೆ ಆಗ್ಲಿ ಕಣೇ" ಅಂದಳು. ನಾನು ಉಸಿರು ಬಿಗಿಹಿಡಿದು ಕೂತೆ. ಹೆಚ್ಚು ಕುಣಿದಾಡಿದರೆ ಮಾತು ವಾಪಸ್ ತಗೊಂಡಾಳು ಎಂಬ ಭಯ.

ಅಮ್ಮ ಬೇಡ ಅನ್ನಲಿಲ್ಲ. ಆದರೆ ಒಂದು ಕಟ್ಟಳೆ ಹಾಕಿದಳು. "ಹೋಗೋದಾದ್ರೆ ಮಧ್ಯಾಹ್ನದ್ ಮೇಲೆ ಹೋಗಿ. ಬೆಳಿಗ್ಗೆ ಅಲ್ಲಿ ಹೊಸ ಹೆಣ್ಣು ಗಂಡಿನೋರು ಗಿಜಿಗುಡ್ತಿರ್ತಾರೆ. ಗುರ್ತಿನೋರು ಯಾರಾದ್ರೂ ಕಂಡ್ರೆ ಬಾಯಿಗೊಂದು ಮಾತಾಡ್ತಾರೆ."

ಹಾಗೆ ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಅಕ್ಕ ಸಿಂಗಟಗೆರೆಯಿಂದ ಕಡೂರಿಗೆ ಬಂದಳು. ಅಲ್ಲಿಂದ ನಾನೂ ಜೊತೆಯಾಗಿ ಬೀರೂರಿನ ಮೇಲೆ ತರೀಕೆರೆಗೆ ಹೋದೆವು. ಅವಳು ಬೂದಿ ಬಣ್ಣದ ಸೀರೆ ಉಟ್ಟಿದ್ದಳು. ಪಡಸಾಲೆಯಲ್ಲಿ ಜನವಿರಲಿಲ್ಲ. ಅಜ್ಜಂಪುರದವರು ವಿವರ ಕೇಳಿ ಕೇಳಿ ಟೈಪ್ ಮಾಡಿದರು, ಗೋಡೆಗೆ ನಿಲ್ಲಿಸಿ ಫೋಟೋ ತೆಗೆದರು. ಅಕ್ಕ ನಗಲಿಲ್ಲ. ವಾಪಸ್ ಬರುವಾಗ ಬೀರೂರು ದಾಟಿದ ಮೇಲೆ, "ಆ ಫೋಟೋ ಚೆನ್ನಾಗಿ ಬಂದಿಲ್ಲ ಅಲ್ವಾ?" ಅಂತ ಕೇಳಿದಳು. ಅಷ್ಟು ಕೇಳಿದಳಲ್ಲ, ನನಗೆ ಹಬ್ಬವಾಯಿತು.

ಕೆಲವು ದಿನ ಬಿಟ್ಟು ಅವಳೇ ಕೇಂದ್ರಕ್ಕೆ ಫೋನ್ ಮಾಡಿದ್ದಾಳೆ. ಆ ಕಡೆಯಿಂದ ಅಜ್ಜಂಪುರದವರು ಹುಡುಕಿ ಹುಡುಕಿ, "ನಿಮ್ಮ ಹೆಸರೇ ಇಲ್ವಲ್ಲ ಇದ್ರಲ್ಲಿ" ಅಂದಿದ್ದಾರೆ. ಅಕ್ಕ ನನಗೆ ಅದನ್ನು ಹೇಳಿದ್ದು ಎರಡು ದಿನ ಕಳೆದು, ಅದೂ ಬ್ಲೌಸಿನ ಹುಕ್ಕಿನ ಬಗ್ಗೆ ಮಾತಾಡುವ ನಡುವೆ.

ನನ್ನ ಮೈಯೆಲ್ಲ ಉರಿದುಹೋಯಿತು. ಮಾರನೆಯ ದಿನವೇ ತರೀಕೆರೆಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತೆ. ಫೈಲು ಕೆಟ್ಟಿದೆಯೇ ಎಂದು ಪರೀಕ್ಷೆ ಮಾಡುವ ಒಂದು ಆಜ್ಞೆ ಇದೆ. ಅದನ್ನು ಓಡಿಸಿದೆ. 'ಸರಿ ಇದೆ' ಎಂದು ಬಂತು. ಲಾಕ್ ಇಲ್ಲ, ಡಿಸ್ಕಿನಲ್ಲಿ ಬೇಕಾದಷ್ಟು ಜಾಗ ಇದೆ, ಅನುಮತಿ ಇದೆ, ಆಂಟಿವೈರಸ್ ಯಾವುದನ್ನೂ ನುಂಗಿಲ್ಲ. ಬೇರೆಯವರಿಗೆ ಇದು ಸಮಾಧಾನದ ಸುದ್ದಿ. ನನಗೆ ಮಾತ್ರ ತಲೆಯೊಳಗೆ ಹುಳ ಬಿಟ್ಟ ಹಾಗಾಯಿತು. ಮೆಷಿನ್ ಸರಿ ಇದೆ ಅಂದರೆ ಮನುಷ್ಯರು ಸರಿಯಿಲ್ಲ ಅಂತ ಅರ್ಥ. ಪಾಸ್‌ವರ್ಡ್ ಗೊತ್ತಿರುವುದು ಟೀಚರಮ್ಮ, ಅಜ್ಜಂಪುರದವರು, ಈ ಇಬ್ಬರಿಗೆ.

ಮೊದಲು ಅಜ್ಜಂಪುರದವರನ್ನು ಹಿಡಿದುಕೊಂಡೆ. "ಸೇವ್ ಮಾಡಿದ್ರಾ?"

"ಮಾಡಿದ್ದೆ ಕಣ್ರೀ."

"ಮತ್ತೆ ಎಲ್ಲೋಯ್ತು?"

ಅವರು ಕೀಬೋರ್ಡಿನ ಮೇಲೆ ಬಟ್ಟೆ ಆಡಿಸುತ್ತಾ, "ನೀವು ಹಾಕ್ಕೊಟ್ಟಿರೋ ಪ್ರೋಗ್ರಾಮು. ನಿಮಗೇ ಗೊತ್ತಿರ್ಬೇಕು" ಅಂದರು. ಕಡಿಮೆ ಮಾತಿನವರು ಅಂದೆನಲ್ಲ, ಇದ್ದ ನಾಲ್ಕು ಮಾತೂ ಚಾಕುವಿನ ಹಾಗೆ. ನನಗೆ ಸಿಟ್ಟೂ ಬಂತು, ಅನುಮಾನವೂ ಗಟ್ಟಿಯಾಯಿತು.

ಟೀಚರಮ್ಮ "ಇನ್ನೊಂದ್ಸಲ ಬಂದು ಬರ್ಸಿ" ಅಂದರು. ಎರಡನೆಯ ಸಲ ಅಕ್ಕನನ್ನು ಒಪ್ಪಿಸಿ ಕರೆದುಕೊಂಡು ಹೋದೆ. ಮತ್ತೆ ಮಧ್ಯಾಹ್ನ, ಮತ್ತೆ ಅದೇ ಬೂದಿ ಬಣ್ಣದ ಸೀರೆ. ಈ ಸಲ ಅಜ್ಜಂಪುರದವರನ್ನು ಎಬ್ಬಿಸಿ ನಾನೇ ಕೂತು ಟೈಪ್ ಮಾಡಿದೆ. ಸೇವ್ ಒತ್ತಿದೆ. ಹುಡುಕಿ ನೋಡಿದೆ, ಹೆಸರು ಬಂತು. ಅಕ್ಕನಿಗೂ ತೋರಿಸಿದೆ. "ನೋಡು, ಇದೀಯಾ" ಅಂದೆ. ವಾರದೊಳಗೆ ಫೋನ್ ಮಾಡಿದರೆ ಅದೇ ಉತ್ತರ. ಇಲ್ಲ.

ಆಗ ನಾನೊಂದು ಬಲೆ ಹಾಕಿದೆ. ಟೀಚರಮ್ಮನಿಗೂ ಅಜ್ಜಂಪುರದವರಿಗೂ ಬೇರೆ ಬೇರೆ ಪಾಸ್‌ವರ್ಡ್ ಮಾಡಿಟ್ಟು, ಅಳಿಸುವ ಬಟನ್ನೇ ಅಜ್ಜಂಪುರದವರ ಕಣ್ಣಿಗೆ ಬೀಳದ ಹಾಗೆ ಮಾಡಿದೆ. ಯಾಕೆ ಹೀಗೆ ಮಾಡಿದ್ದೀನಿ ಅಂತ ಅವರಿಗೆ ಕೂಡಲೇ ಗೊತ್ತಾಯಿತು. ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡು, ನನ್ನ ಕಡೆ ತಿರುಗದೆ, ಬಸ್ಸಿಗೆ ಹೊರಟರು. ಮೂರನೆಯ ಸಲ ಅಕ್ಕನ ಹೆಸರು ಬರೆಸಿದೆವು. ಅದೂ ಹೋಯಿತು.

ಅಂದರೆ ಟೀಚರಮ್ಮ! ಅಳಿಸಲು ಆಗುವುದು ಅವರೊಬ್ಬರಿಗೇ. ಹಣೆಯ ಮೇಲೆ ಅಷ್ಟು ವಿಭೂತಿ, ಎದುರಿಗೆ ಬಂದವರನ್ನೆಲ್ಲ "ಬಾರಮ್ಮ, ಕೂತ್ಕೊ" ಎನ್ನುವ ಬಾಯಿ, ಹಿಂದಿನಿಂದ ಗಂಡ ಸತ್ತವಳ ಹೆಸರನ್ನು ಒರೆಸಿಹಾಕುವ ಕೈ. ಶುಭಕಾರ್ಯದ ಮನೆ, ಇಂಥವರ ಹೆಸರು ಕನ್ಯೆಯರ ಸಾಲಿನಲ್ಲಿ ಇರಬಾರದು ಅಂತ ಇರಬೇಕು. ಅಯ್ಯೋ ಶಿವನೇ, ಬಾಯಿಬಿಟ್ಟು ಬೇಡ ಅಂದಿದ್ದರೂ ನಾನು ಒಪ್ಪುತ್ತಿದ್ದೆ. ಸುಳ್ಳು ಹೇಳಿ ಮೂರು ಸಲ ಬಸ್ ಹತ್ತಿಸಿದರಲ್ಲ!

ಅಕ್ಕನಿಗೆ ಇದನ್ನು ಹೇಳಲಿಲ್ಲ. ಆದರೆ ಅವಳೇ ತೀರ್ಮಾನ ಮಾಡಿಬಿಟ್ಟಿದ್ದಳು. "ಸಾಕು ಬಿಡೇ. ಮೂರು ಸಲ ಇಲ್ಲ ಅನ್ನಿಸ್ಕೊಂಡೆ. ನಾನು ಬ್ಯಾಡ ಅಂತ ಮೇಲಿರೋನಿಗೇ ಇದ್ದಂಗಿದೆ. ಇನ್ನೊಂದ್ಸಲ ಹೋದ್ರೆ ನನಗೆ ಮಾನ ಇಲ್ಲ ಅಂತಾಗ್ತದೆ."

"ಯಾರು ಮಾಡಿದ್ರು ಅಂತ ಕಂಡುಹಿಡೀತೀನಿ. ಆಮೇಲೆ ಮಾತಾಡು."

"ಕಂಡುಹಿಡಿದು? ಅವ್ರ ಜೊತೆ ಜಗಳ ಆಡ್ತೀಯ. ಊರಿಗೆಲ್ಲ ಗೊತ್ತಾಗ್ತದೆ. ಬ್ಯಾಡ." ಮೆಷಿನ್ ತುಳಿಯಲು ಶುರು ಮಾಡಿದಳು. ಎಷ್ಟೋ ವರ್ಷ ಕಾದು ತೆರೆದ ಬಾಗಿಲು, ನನ್ನ ಕಣ್ಣೆದುರಿಗೇ ಮುಚ್ಚಿಕೊಳ್ಳುತ್ತಿತ್ತು. ಇದು ಯಾಕಾಯಿತು ಅಂತ ತೋರಿಸದೇ ಹೋದರೆ ಅವಳು ಇನ್ನೊಮ್ಮೆ ಬಾಯಿ ಬಿಡುವುದಿಲ್ಲ ಅಂತ ನನಗೆ ಚೆನ್ನಾಗಿ ಗೊತ್ತಿತ್ತು.

ಮಾರನೆಯ ದಿನ ಅಂಗಡಿಗೆ ಬೀಗ ಹಾಕಿ ತರೀಕೆರೆಗೆ ಹೋದೆ. ಊಟದ ಹೊತ್ತಾಗಿತ್ತು. ಅಜ್ಜಂಪುರದವರು ಪ್ರೋಗ್ರಾಮ್ ಮುಚ್ಚಿ, ಕೈ ತೊಳೆಯಲು ಹಿತ್ತಲಿಗೆ ಹೋಗಿದ್ದರು. ಟೀಚರಮ್ಮ ಒಳಗೆ ಮಲಗಿದ್ದರು. ಸಾಕ್ಷಿ ಸಿಕ್ಕರೆ ಮುಖಕ್ಕೆ ಹಿಡಿಯಬೇಕು ಎಂದು ಫೋಲ್ಡರುಗಳನ್ನೆಲ್ಲ ತೆರೆದು ತೆರೆದು ನೋಡಿದೆ.

ಫೋಟೋಗಳು ಬೇರೆ ಫೋಲ್ಡರಿನಲ್ಲಿ ಇರುತ್ತವೆ, ಡೇಟಾಬೇಸಿನ ಒಳಗಲ್ಲ. ಅಲ್ಲಿ ನನ್ನ ಅಕ್ಕ ಇದ್ದಳು. ಮೂರು ಸಲ. ಬೂದಿ ಬಣ್ಣದ ಸೀರೆ, ಅದೇ ಗೋಡೆ. ಮೊದಲನೆಯದರಲ್ಲಿ ಕಣ್ಣು ನೇರ ಇತ್ತು, ಎರಡನೆಯದರಲ್ಲಿ ಸ್ವಲ್ಪ ಕೆಳಗೆ, ಮೂರನೆಯದರಲ್ಲಿ ಪೂರ್ತಿ ನೆಲ ನೋಡುತ್ತಿದ್ದಳು. ಅಳಲು ಪುರುಸೊತ್ತಿರಲಿಲ್ಲ, ಯಾಕೆಂದರೆ ಅಷ್ಟರಲ್ಲೇ ಇನ್ನೊಂದು ಯೋಚನೆ ಬಂದು ಕೈ ನಿಂತಿತು. ಪ್ರೋಗ್ರಾಮಿನಲ್ಲಿ ಒಬ್ಬರ ಹೆಸರನ್ನು ಅಳಿಸಿದರೆ ಅವರ ಫೋಟೋವನ್ನೂ ಅದೇ ಅಳಿಸಿಹಾಕುತ್ತದೆ. ಫೋಟೋ ಇಲ್ಲೇ ಇದೆ ಅಂದರೆ ಯಾರೂ ಬಟನ್ ಒತ್ತಿ ಅಳಿಸಿಲ್ಲ!

ಹೆಸರಿಲ್ಲದೆ ಬರೀ ಫೋಟೋ ಉಳಿದವರು ಇನ್ನೂ ಯಾರಿದ್ದಾರೆ ಅಂತ ಹುಡುಕಿದೆ. ಬಹಳ ಜನ ಇದ್ದರು. ಎಲ್ಲ ದೀಪಾವಳಿಯ ಆಚೆಗೆ ಬಂದವರು. ಬೆಳಿಗ್ಗೆ ತೆಗೆದ ಫೋಟೋ ಒಂದೂ ಇಲ್ಲ, ಎಲ್ಲ ಮಧ್ಯಾಹ್ನದ್ದೇ. ಅಷ್ಟು ಹೊತ್ತಿಗೆ ಊಟ ಮುಗಿಸಿ ಬಂದ ಅಜ್ಜಂಪುರದವರು ನನ್ನ ಹಿಂದೆ ಬಂದು ನಿಂತರು.

"ಇವ್ರು ಯಾರು ಗೊತ್ತಾ ನಿಮ್ಗೆ?" ಅಂತ ಕೇಳಿದೆ.

ಅವರು ಬಗ್ಗಿ ನೋಡಿದರು. "ಇವ್ರು ಗಂಡ ಬಿಟ್ಟೋರು. ಇವ್ರದ್ದು ಎರಡನೇದು. ಇವ್ರಿಗೆ ಒಂದು ಮಗು ಐತೆ. ಈ ಯಪ್ಪನಿಗೆ ಹೆಂಡ್ತಿ ತೀರ್ಕಂಡವ್ರೆ." ನೆಟ್ಟಗೆ ನಿಂತು, "ಎಲ್ಲಾ ಅಂಥೋರೇ ಕಣ್ರೀ. ಅಂಥೋರು ಮಧ್ಯಾಹ್ನವೇ ಬರೋದು" ಅಂದರು.

ನನ್ನ ತಲೆ ಚಿಟ್ಟು ಹಿಡಿಯಿತು. ಅಳಿಸಿಲ್ಲ ಅಂತ ಫೋಟೋ ಹೇಳುತ್ತಿದೆ. ಆದರೆ ಹೋದವರೆಲ್ಲ ಒಂದೇ ಜಾತಿಯ ದುಃಖದವರು. ಕಂಪ್ಯೂಟರಿಗೆ ವಿಧವೆ ಯಾರು, ಕನ್ಯೆ ಯಾರು ಅಂತ ಹೇಗೆ ಗೊತ್ತಾಗಬೇಕು? ಯಾರೋ ನನಗೆ ಗೊತ್ತಿಲ್ಲದ ಉಪಾಯ ಮಾಡುತ್ತಿದ್ದಾರೆ. ಇವತ್ತು ಈ ಮನೆ ಬಿಟ್ಟು ಕದಲುವುದಿಲ್ಲ ಎಂದು ಕೂತೆ. ಟೀಚರಮ್ಮ ಎದ್ದು ಬಂದು, "ಏನಮ್ಮ, ರಿಪೇರಿಯಾ?" ಅಂದರು. "ಹೂಂ, ಸ್ವಲ್ಪ ಇದೆ" ಅಂದೆ. ಕಾಫಿ ತಂದುಕೊಟ್ಟರು. ಅದನ್ನೂ ಅನುಮಾನದಿಂದಲೇ ಕುಡಿದೆ.

ಮಧ್ಯಾಹ್ನದ ಮೇಲೆ ಇಬ್ಬರು ಬಂದರು. ಒಬ್ಬರು ಎರಡನೆಯ ಸಂಬಂಧಕ್ಕೆ, ಇನ್ನೊಬ್ಬರ ಮಗಳಿಗೆ ಕಾಲು ಸ್ವಲ್ಪ ಕುಂಟು. ಅಜ್ಜಂಪುರದವರು ಟೈಪ್ ಮಾಡುತ್ತಲೇ ಇದ್ದರು. ನಾನು ಪಕ್ಕದ ಬೆಂಚಿನಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಹೊತ್ತು ಇಳಿಯತೊಡಗಿತು. ಚಳಿಗಾಲದ ಸಂಜೆ, ಕೇಂದ್ರ ಮುಚ್ಚುವ ಹೊತ್ತು ಇನ್ನೂ ಆಗಿರಲಿಲ್ಲ, ಆದರೆ ಹೊರಗೆ ಆಗಲೇ ಮಬ್ಬು. ಟೀಚರಮ್ಮ ಮುಖ ತೊಳೆದು, ಹೊಸದಾಗಿ ವಿಭೂತಿ ಇಟ್ಟುಕೊಂಡು, ಕೈಯಲ್ಲೊಂದು ಹಿತ್ತಾಳೆ ತಟ್ಟೆ ಹಿಡಿದು ಬಂದರು.

"ಏಳಮ್ಮ ಸ್ವಲ್ಪ, ದೀಪದ ಹೊತ್ತಾಯ್ತು."

ಅಜ್ಜಂಪುರದವರು ಎದ್ದು ಬಾಗಿಲ ಬಳಿ ಹೋಗಿ ನಿಂತರು. ಪ್ರೋಗ್ರಾಮ್ ಮುಚ್ಚಲಿಲ್ಲ, ಸ್ಕ್ರೀನಿನ ಕೆಳಗಂಚಿಗೆ ಇಳಿಸಿದರು ಅಷ್ಟೇ, ಇನ್ನೂ ಟೈಪ್ ಮಾಡುವುದು ಬಾಕಿ ಇತ್ತಲ್ಲ. ಟೀಚರಮ್ಮ ಕೂತರು. ತಟ್ಟೆಯಲ್ಲಿದ್ದ ಪೆನ್‌ಡ್ರೈವನ್ನು ಚುಚ್ಚಿದರು. ಅದರ ಮೇಲೆ ವಿಭೂತಿಯ ಮೂರು ಗೆರೆ! ನಾನು ಎದ್ದು ನಿಂತೆ. ಬ್ಯಾಕಪ್ ಎಂದು ನಾನೇ ಒಮ್ಮೆ ಕಲಿಸಿಕೊಟ್ಟ ಹಾಗೆ, ಮಗ್ಗಿ ಒಪ್ಪಿಸುವವರ ಥರ ತುಟಿ ಆಡಿಸುತ್ತಾ, ಡೇಟಾಬೇಸಿನ ಫೈಲನ್ನು ಕಾಪಿ ಮಾಡಿ ಪೆನ್‌ಡ್ರೈವಿಗೆ ಹಾಕಿದರು. ಕಿತ್ತು ತಟ್ಟೆಯಲ್ಲಿಟ್ಟುಕೊಂಡು ದೇವರ ಕೋಣೆಗೆ ಹೋದರು.

ಸ್ಕ್ರೀನಿನಲ್ಲಿ ಫೋಲ್ಡರ್ ತೆರೆದೇ ಇತ್ತು. ಮುಖ್ಯ ಫೈಲಿನ ಪಕ್ಕದಲ್ಲಿ, ಅದೇ ಹೆಸರಿಗೆ ಬಾಲ ಅಂಟಿಸಿಕೊಂಡ ಇನ್ನೆರಡು ಫೈಲುಗಳು ಕೂತಿದ್ದವು. ಮಧ್ಯಾಹ್ನ ಪ್ರೋಗ್ರಾಮ್ ಮುಚ್ಚಿದ್ದಾಗ ಅವು ಇರಲಿಲ್ಲ.

"ಟೀಚರಮ್ಮ!" ಎಂದು ಕೂಗಿಕೊಂಡು ದೇವರ ಕೋಣೆಯ ಬಾಗಿಲಿಗೆ ಹೋದೆ. ಅವರು ಪೆನ್‌ಡ್ರೈವನ್ನು ದೇವರ ಗೂಡಿನಲ್ಲಿಟ್ಟು ದೀಪ ಹಚ್ಚುತ್ತಿದ್ದರು. "ಇದನ್ನ ಬೆಳಿಗ್ಗೆ ಏನ್ ಮಾಡ್ತೀರಾ?"

"ಏನ್ ಮಾಡೋದು? ತಂದು ವಾಪಸ್ ಹಾಕ್ತೀನಿ."

"ಎಲ್ಲಿಗೆ?"

"ಕಂಪ್ಯೂಟ್ರಿಗೆ ಕಣೇ. ಹಳೇದು ಇದೆ, ಅದರ ಮೇಲೇ ಹಾಕ್ಲಾ ಅಂತ ಕೇಳ್ತದೆ. ಹೂಂ ಅಂತೀನಿ." ಬತ್ತಿ ಸರಿಮಾಡಿದರು. "ನಮ್ಮಪ್ಪಾರ ಕಾಲದಿಂದ್ಲೂ ಹಂಗೇ. ಬಂದ ಹಾಳೇನ ರಾತ್ರಿ ದೇವ್ರ ಮುಂದೆ ಇಟ್ಟು, ಬೆಳಿಗ್ಗೆ ಸ್ನಾನ ಮಾಡಿ ತಗದು, ಆಮೇಲೇ ಇನ್ನೊಬ್ರಿಗೆ ತೋರ್ಸೋದು. ಅವನು ನೋಡದೇ ಇರೋದನ್ನ ನಾವು ತೋರ್ಸೋದಿಲ್ಲ. ಈಗ ಹಾಳೆ ಇಲ್ವಲ್ಲ, ಇದನ್ನ ಇಡ್ತೀನಿ."

ನಾನು ಹೊಸಿಲ ಮೇಲೇ ಕೂತುಬಿಟ್ಟೆ. ನಗಬೇಕೋ ಚಚ್ಚಿಕೊಳ್ಳಬೇಕೋ ಗೊತ್ತಾಗಲಿಲ್ಲ.

ಆ ಡೇಟಾಬೇಸಿನ ಕೆಲಸದ ರೀತಿ ಹೀಗೆ. ಪ್ರೋಗ್ರಾಮ್ ತೆರೆದಿರುವಷ್ಟು ಹೊತ್ತು, ಹೊಸದಾಗಿ ಬರೆದದ್ದು ನೇರವಾಗಿ ಮುಖ್ಯ ಫೈಲಿಗೆ ಹೋಗುವುದಿಲ್ಲ. ಪಕ್ಕದ ಬಾಲದ ಫೈಲಿನಲ್ಲಿ ಕೂತಿರುತ್ತದೆ. ಬಹಳ ಬರೆದರೆ ನಡುವೆ ಒಮ್ಮೆ ಸೇರಿಸುತ್ತದೆ. ಟೀಚರಮ್ಮನ ಮನೆಯ ದಿನದ ಹತ್ತಾರು ಹೆಸರಿಗೆ ಅದು ಅಲುಗುವುದೂ ಇಲ್ಲ. ಪ್ರೋಗ್ರಾಮನ್ನು ಮುಚ್ಚಿದಾಗಲೇ ಎಲ್ಲ ಮುಖ್ಯ ಫೈಲಿಗೆ ಸೇರಿ, ಬಾಲ ಕಾಣೆಯಾಗುತ್ತದೆ. ಬೆಳಿಗ್ಗೆ ಬಂದವರ ಹೆಸರು ಊಟಕ್ಕೆ ಮುಚ್ಚಿದಾಗ ಒಳಗೆ ಸೇರಿಕೊಳ್ಳುತ್ತಿತ್ತು. ಮಧ್ಯಾಹ್ನದವರ ಹೆಸರು ಸಂಜೆಯವರೆಗೆ ಬಾಲದಲ್ಲೇ. ಬೇಸಿಗೆಯಲ್ಲಿ ಹೊತ್ತು ಮುಳುಗುವುದು ತಡ, ಕೇಂದ್ರ ಮುಚ್ಚಿದ ಮೇಲೆಯೇ ದೀಪ. ಏನೂ ತೊಂದರೆ ಆಗಲಿಲ್ಲ. ದೀಪಾವಳಿ ಕಳೆದು ಹಗಲು ಚಿಕ್ಕದಾದ ಮೇಲೆ ದೀಪ ಮುಂದೆ ಬಂತು, ಟೈಪು ಹಿಂದೆ ಉಳಿಯಿತು. ಟೀಚರಮ್ಮ ದೇವರ ಮುಂದೆ ಇಟ್ಟ ಫೈಲಿನಲ್ಲಿ ಮಧ್ಯಾಹ್ನದವರು ಇರುತ್ತಲೇ ಇರಲಿಲ್ಲ. ಬೆಳಿಗ್ಗೆ ಅದನ್ನು ತಂದು, ಹಿಂದಿನ ಸಂಜೆ ಪ್ರೋಗ್ರಾಮ್ ಮುಚ್ಚಿದ ಮೇಲೆ ಪೂರ್ತಿಯಾಗಿದ್ದ ಫೈಲಿನ ಮೇಲೆ ಹಾಕಿದ ತಕ್ಷಣ, ಕಂಪ್ಯೂಟರಿನಲ್ಲೂ ಇಲ್ಲ. ಅಜ್ಜಂಪುರದವರು ಬರುವಷ್ಟರಲ್ಲಿ ಈ ಕೆಲಸ ಮುಗಿದಿರುತ್ತಿತ್ತು. ಪೆನ್‌ಡ್ರೈವ್ ಹೋಗುವ ಆ ಕೋಣೆಗೆ ಅವರು ಕಾಲಿಡುತ್ತಿರಲಿಲ್ಲ. ಯಾಕೆ ಅಂತ ಇಬ್ಬರೂ ನನಗೆ ಹೇಳಲಿಲ್ಲ, ನಾನೂ ಆಗ ಕೇಳುವ ಸ್ಥಿತಿಯಲ್ಲಿರಲಿಲ್ಲ.

ಇದನ್ನು ಟೀಚರಮ್ಮನಿಗೆ ಹೇಗೆ ಹೇಳುವುದು? ಫೈಲು, ಬಾಲ ಎಂದರೆ ಅವರು ಪಿಳಿಪಿಳಿ ಕಣ್ಣು ಬಿಟ್ಟರು. ಕೊನೆಗೆ, "ಹಸು ಕರೆದ್ರೆ ಹಾಲು ಮೊದ್ಲು ಚೊಂಬಲ್ಲಿರ್ತದೆ, ಆಮೇಲೆ ಪಾತ್ರೆಗೆ ಸುರೀತೀವಿ. ನೀವು ಚೊಂಬು ಇನ್ನೂ ಕೊಟ್ಟಿಗೇಲಿರೋವಾಗ್ಲೇ ಪಾತ್ರೆ ಎತ್ಕೊಂಡು ಬಂದು ದೇವ್ರ ಮುಂದೆ ಇಡ್ತಿದ್ದೀರಾ" ಅಂದೆ.

ಅವರು ದೀಪದ ಕಡೆ ನೋಡುತ್ತಾ ನಿಂತರು. ಆಮೇಲೆ ನಿಧಾನಕ್ಕೆ, "ಅಂದ್ರೆ ಅವನಲ್ವಾ?" ಅಂದರು.

"ಯಾರು?"

"ಇವನು ಕಣೇ." ಗೂಡಿನ ಕಡೆ ಬೆರಳು ತೋರಿಸಿದರು. "ಸಂಜೆ ಇಡ್ತೀನಿ. ಬೆಳಿಗ್ಗೆ ತಗದು ನೋಡಿದ್ರೆ ಗಂಡ ಸತ್ತೋರು, ಬಿಟ್ಟೋರು, ಅಂಥೋರದ್ದೇ ಇರೋದಿಲ್ಲ. ಒಂದ್ ದಿನ ಅಲ್ಲ, ಎರಡ್ ದಿನ ಅಲ್ಲ. ಇವನೇ ಒಲ್ಲೆ ಅಂತಿದಾನೆ ಅನ್ಕೊಂಡೆ. ನಾನು ಈ ಕೆಲ್ಸಕ್ಕೆ ಕೈ ಹಾಕಿದ್ದೇ ಅಂಥೋರಿಗೋಸ್ಕರ ಕಣಮ್ಮ, ಕನ್ಯೆಗಳಿಗೆ ಗಂಡು ಹುಡ್ಕೋಕೆ ಊರೆಲ್ಲ ಐತೆ. ಬೆಳಿಗ್ಗೆದ್ದು ಜಗಳ ಆಡ್ತಿದ್ದೆ ಇವನ ಜೊತೆ. ನಿನಗೇನು ಕಣ್ಣಿಲ್ವಾ ಅಂತ ಬೈದಿದ್ದೀನಿ."

"ನಮಗೆ ಹೇಳೋದಲ್ವಾ?"

"ಏನಂತ ಹೇಳ್ಲಿ? ದೇವ್ರು ನಿಮ್ಮಕ್ಕನ್ನ ಬ್ಯಾಡ ಅಂದ ಅಂತ ಹೇಳ್ಲಾ?" ಸೆರಗಿನ ತುದಿ ಕಣ್ಣಿಗೆ ಒತ್ತಿಕೊಂಡರು. "ಅದಕ್ಕೇ ಮತ್ತೆ ಬರ್ಸಿ ಮತ್ತೆ ಬರ್ಸಿ ಅಂತಿದ್ದೆ."

ಹೆಸರು ಹೋದಾಗಲೆಲ್ಲ ಮತ್ತೆ ಬರಲು ಹೇಳಿದ್ದು ಅವರೇ, ನಿಜ. ನಾನು ಅದನ್ನು ನಾಟಕ ಅಂದುಕೊಂಡಿದ್ದೆ. ಬಾಗಿಲ ಬಳಿ ನಿಂತಿದ್ದ ಅಜ್ಜಂಪುರದವರು ಅಲ್ಲಿಂದಲೇ, "ನಾನು ಈ ಯಮ್ಮನ ಪ್ರೋಗ್ರಾಮಿನ ಮೇಲೆ ಅನುಮಾನ ಪಟ್ಟಿದ್ದೆ. ಈ ಯಮ್ಮ ನನ್ನ ಮೇಲೆ ಪಡ್ತಿತ್ತು. ನೀವು ದೇವ್ರ ಮೇಲೇ ಪಟ್ಕಂಡು ಕೂತಿದ್ರಾ! ಚೆನ್ನಾಗೈತೆ ನಮ್ಮ ಆಫೀಸು" ಅಂದರು. ಟೀಚರಮ್ಮ ಕಣ್ಣೊರೆಸಿಕೊಳ್ಳುತ್ತಲೇ ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಅಳಿಸುವ ಬಟನ್ನನ್ನು ಅಜ್ಜಂಪುರದವರಿಗೆ ವಾಪಸ್ ಕೊಟ್ಟೆ. ಅವರು ಅದನ್ನು ಒಮ್ಮೆ ನೋಡಿ, "ಇರ್ಲಿ ಬಿಡಿ, ನಂಗೆ ಅಳ್ಸೋದೇನೂ ಇಲ್ಲ" ಅಂದರು.

ಸರಿ ಮಾಡುವುದು ಕಷ್ಟವಿರಲಿಲ್ಲ, ಒಪ್ಪಿಸುವುದೇ ಕಷ್ಟ. ದೀಪದ ಹೊತ್ತಿಗೆ ಮೊದಲು ಪ್ರೋಗ್ರಾಮ್ ಮುಚ್ಚಬೇಕು, ಬಾಲದ ಫೈಲುಗಳು ಹೋದವೇ ಎಂದು ನೋಡಬೇಕು, ಆಮೇಲೆ ಕಾಪಿ. ಬೆಳಿಗ್ಗೆ ಪೆನ್‌ಡ್ರೈವನ್ನು ತಂದು ಕಂಪ್ಯೂಟರಿಗೆ ಚುಚ್ಚಬಹುದು, ಆದರೆ ಅದರಿಂದ ಏನನ್ನೂ ವಾಪಸ್ ಹಾಕಬಾರದು. ಟೀಚರಮ್ಮ ಬಗ್ಗಲಿಲ್ಲ. "ಹಾಕ್ದೇ ಇದ್ರೆ ಅವನು ನೋಡಿದ್ದು ಹೆಂಗೆ ಸೇರ್ತದೆ?" ಎಂದು ವಾದಕ್ಕೆ ನಿಂತರು. "ಸಂಜೆ ಮುಚ್ಚಿದ್ಮೇಲೆ ಎರಡೂ ಒಂದೇ ಕಣ್ರೀ, ಒಂದಕ್ಷರ ಹೆಚ್ಚುಕಮ್ಮಿ ಇರೋದಿಲ್ಲ. ಇದನ್ನ ನೋಡಿದ್ರೆ ಅದನ್ನೂ ನೋಡಿದಂಗೆ" ಅಂದೆ. "ನಿನ್ನ ಕಂಪ್ಯೂಟ್ರು ಅವನಿಗಿಂತ ಹಟಮಾರಿ" ಎಂದು ಗೊಣಗಿ ಒಪ್ಪಿದರು. ಆ ಸಂಜೆ ಮುಚ್ಚಿಸಿ, ಹೊಸದಾಗಿ ಕಾಪಿ ಮಾಡಿಸಿ, ಪೆನ್‌ಡ್ರೈವನ್ನು ಮತ್ತೆ ಗೂಡಿಗೆ ಇಡಿಸಿದೆ. ಬೆಳಿಗ್ಗೆ ಅಜ್ಜಂಪುರದವರು ಫೋನ್ ಮಾಡಿದರು. ಮಧ್ಯಾಹ್ನ ಬಂದಿದ್ದ ಇಬ್ಬರೂ ಇದ್ದರು.

ಹಿಂದೆ ಹೋದವರ ವಿವರ ಮಾತ್ರ ಹೋದದ್ದೇ. ಒಂದರ ಮೇಲೊಂದು ಬರೆದು ಬರೆದು ಏನೂ ಉಳಿದಿರಲಿಲ್ಲ. ಫೋಟೋ ಇದ್ದವರನ್ನು ಟೀಚರಮ್ಮ ಗುರುತು ಹಿಡಿದು ಒಬ್ಬೊಬ್ಬರಿಗೇ ಫೋನ್ ಮಾಡಿಸತೊಡಗಿದರು. ನನ್ನ ಅಕ್ಕನಿಗೆ ಮಾತ್ರ ನಾನೇ ಹೇಳುತ್ತೇನೆ ಅಂದೆ. ಸಿಂಗಟಗೆರೆಗೆ ಹೋಗುವ ಬಸ್ಸಿನಲ್ಲಿ ಕೂತಾಗ, ಇಷ್ಟೆಲ್ಲ ಕೇಳಿಯೂ ಅವಳು ಒಲ್ಲೆ ಅಂದರೆ ಏನು ಮಾಡುವುದು ಎಂಬ ದಿಗಿಲು ಇದ್ದೇ ಇತ್ತು.

ಅಕ್ಕ ಮೆಷಿನ್ನಿನ ಮುಂದೆ ಇದ್ದಳು. ಅಮ್ಮ ಅಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಮೊದಲಿಂದ ಕಡೆಯವರೆಗೆ ಹೇಳಿದೆ. ಟೀಚರಮ್ಮ ದೇವರ ಜೊತೆ ಜಗಳ ಆಡುತ್ತಿದ್ದದ್ದನ್ನು ಕೇಳಿ ಅಮ್ಮ, "ಅಯ್ಯೋ, ಪಾಪ ಕಣೇ ಆ ಯಮ್ಮ!" ಅಂದಳು. ಅಕ್ಕ ನಗಲಿಲ್ಲ. ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು.

"ಬೆಳಿಗ್ಗೆ ಬಂದೋರದ್ದು ಒಂದೂ ಹೋಗ್ಲಿಲ್ವಾ?"

"ಇಲ್ಲ."

"ಮಧ್ಯಾಹ್ನ ಬಂದೋರದ್ದು ಮಾತ್ರ."

"ಹೂಂ. ಅದೇ ಹೇಳಿದ್ನಲ್ಲ, ಊಟಕ್ಕೆ ಮುಚ್ಚಿದಾಗ—"

"ಅದು ತಿಳೀತು ಬಿಡು." ಅಮ್ಮನ ಕಡೆ ತಿರುಗಿದಳು. "ನಾನು ಬೆಳಿಗ್ಗೆ ಹೋಗಿದ್ರೆ ಮೊದ್ಲನೇ ಸಲವೇ ಉಳೀತಿತ್ತು ಅಲ್ವೇನಮ್ಮ?"

ಅಮ್ಮನ ಕೈ ನಿಂತಿತು. "ಜನ ಒಂದು ಮಾತಾಡ್ತಾರೆ ಅಂತ ಹೇಳ್ದೆ ಕಣವ್ವ. ನಿನ್ನ ಒಳ್ಳೇದಕ್ಕೇ..." ಎಂದು ಶುರು ಮಾಡಿ ಮತ್ತೆ ಸುಲಿಯತೊಡಗಿದಳು. ಸಿಪ್ಪೆ ಬುಟ್ಟಿಗೂ ಕಾಳು ನೆಲಕ್ಕೂ ಬೀಳುತ್ತಿದ್ದವು. ಅಕ್ಕ ಮೆಷಿನ್ ತುಳಿಯಲಿಲ್ಲ. ಹೋಗುತ್ತೇನೆ ಅಂತಲೂ ಅನ್ನಲಿಲ್ಲ, ಹೋಗುವುದಿಲ್ಲ ಅಂತಲೂ ಅನ್ನಲಿಲ್ಲ. ನಾನು ಕಾದೂ ಕಾದೂ, ಕೊನೆಯ ಬಸ್ಸಿಗೆ ಕಡೂರಿಗೆ ಬಂದೆ.

ಎರಡು ದಿನ ಬಿಟ್ಟು, ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು ನೀರು ಚಿಮುಕಿಸುತ್ತಿದ್ದೆ. ಅಜ್ಜಂಪುರದವರ ಫೋನು ಬಂತು.

"ಮತ್ತೆ ಹೋಯ್ತಾ?" ಅಂದೆ.

"ಏನೂ ಹೋಗಿಲ್ಲ ಕಣ್ರೀ. ನಿಮ್ಮಕ್ಕ ಬಂದವ್ರೆ."

"ಈಗಲಾ? ಯಾರ ಜೊತೆ?"

"ಯಾರೂ ಇಲ್ಲ, ಒಬ್ರೇ. ಇಲ್ಲಿ ಜನ ಅಂದ್ರೆ ಜನ, ಕಾಲಿಡಾಕೂ ಜಾಗ ಇಲ್ಲ. ಟೀಚರಮ್ಮ ಒಳಗೆ ಬಂದು ಕೂತ್ಕೊಳ್ಳಿ ಅಂದ್ರೆ ಬ್ಯಾಡ ಅಂದ್ರು. ಮುಂದಿನ ಬೆಂಚಲ್ಲೇ ಕೂತವ್ರೆ, ಎಲ್ರ ನಡುವೆ. ಹಳೇ ಫೋಟೋ ಐತಲ್ಲ, ಅದನ್ನೇ ಹಾಕ್ಲಾ ಅಂದೆ. ಹೊಸಾದು ತೆಗೀರಿ ಅಂದ್ರು."

ನನ್ನ ಅನುಮಾನದ ಬುದ್ಧಿ ಎಲ್ಲಿಗೆ ಹೋಗುತ್ತದೆ? "ಯಾವ ಸೀರೆ ಉಟ್ಕೊಂಡವ್ಳೆ?" ಅಂತ ಕೇಳಿದೆ.

"ಹಸಿರುದ್ದು. ಕೆಂಪಂಚು."

ಅದು ಭಾವ ಇದ್ದಾಗ ತಗೊಂಡ ಸೀರೆ. ಪೆಟ್ಟಿಗೆಯಿಂದ ಹೊರಗೆ ಬಂದದ್ದನ್ನು ನಾನು ಆಮೇಲೆ ನೋಡಿರಲಿಲ್ಲ. ಕೈಯಲ್ಲಿದ್ದ ಚೊಂಬನ್ನು ಮೆಟ್ಟಿಲ ಮೇಲಿಟ್ಟು ಅಲ್ಲೇ ಕೂತೆ. "ಫೋನ್ ಕೊಡಿ ಅವಳಿಗೆ" ಅಂದೆ.

ಗದ್ದಲದ ನಡುವೆ ಅಕ್ಕನ ದನಿ ಬಂತು. ಹಿಂದೆ ಯಾರೋ ಯಾವ ಊರು ಎಂದು ಕೇಳುತ್ತಿದ್ದರು, ಅವಳು ಫೋನಿನಿಂದ ಬಾಯಿ ತೆಗೆದು ಅವರಿಗೆ ಸಿಂಗಟಗೆರೆ ಅಂತ ಜೋರಾಗಿ ಹೇಳಿದಳು. ಆಮೇಲೆ ನನಗೆ, "ಏನೇ? ಬೇಗ ಹೇಳು. ನಂದೇ ಈಗ ಬರ್ಸೋದು" ಅಂದಳು.